ಎಷ್ಟು ಗಂಟೆಗೆ?

ಫೋನ್ ಮತ್ತೆ ಗುಂಯ್ ಅಂತು. ನೋಡಬಾರದು ಅಂದುಕೊಂಡೇ ನೋಡಿದೆ. "ಗುರುವಾರದ ಡಿಬೇಟ್ ಎಷ್ಟು ಗಂಟೆಗೆ?"

ಬೆಳಗ್ಗೆಯಿಂದ ಇದು 19ನೆಯದು.

ನಾನು ನಮ್ಮ ವಿಶ್ವವಿದ್ಯಾಲಯದ ಡಿಬೇಟ್ ಕ್ಲಬ್‌ನ ಕಾರ್ಯದರ್ಶಿ. ಕೇಳುವುದಕ್ಕೆ ಗತ್ತಾಗಿದೆ, ಅಲ್ವಾ? ಕೆಲಸ ಮಾತ್ರ ಇಷ್ಟೇ. ಕ್ಲಬ್‌ನಲ್ಲಿ ಏನಾಯಿತು, ಮುಂದೆ ಏನಾಗಲಿದೆ ಅಂತ ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಆಮೇಲೆ ಅದನ್ನೇ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದು. ನಿನ್ನೆ ರಾತ್ರಿ ಕೂತು "ಸುದ್ದಿ ಮತ್ತು ಮುಂದಿನ ಕಾರ್ಯಕ್ರಮಗಳು" ಅಂತ ನೋಟಿಸ್ ಹಾಕಿದ್ದೇನೆ. ಗುಂಪಿನ ನೆತ್ತಿಗೆ ಪಿನ್ ಮಾಡಿ ಕೂರಿಸಿದ್ದೇನೆ. ಆದರೂ ಎಷ್ಟು ಗಂಟೆಗೆ, ಎಷ್ಟು ಗಂಟೆಗೆ, ಎಷ್ಟು ಗಂಟೆಗೆ. ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ನೋಟಿಸ್ ಓದಿ." ಮೊದಮೊದಲು ಕೊನೆಗೊಂದು ನಗುವ ಮುಖ ಇತ್ತು. ಹತ್ತು ದಾಟಿದ ಮೇಲೆ ಮುಖ ಬಿಟ್ಟೆ. 15 ದಾಟಿದ ಮೇಲೆ "ದಯವಿಟ್ಟು" ಬಿಟ್ಟೆ.

ಇವರೇನು ಓದು ಬಾರದವರಲ್ಲ. ವಿಷಯ ಕೊಟ್ಟು 15 ನಿಮಿಷ ಬಿಟ್ಟರೆ ಸಾಕು, ಬಡ್ಡಿ ದರದಿಂದ ಹಿಡಿದು ಚಂದ್ರನ ಮೇಲಿನ ಗಣಿಗಾರಿಕೆಯವರೆಗೆ ಯಾವುದರ ಪರವಾಗಿಯೂ ಮಾತಾಡುತ್ತಾರೆ. ಪಕ್ಷ ಬದಲಾದರೆ ಅದರ ವಿರುದ್ಧವೂ ಅಷ್ಟೇ ಆವೇಶದಿಂದ ಮಾತಾಡುತ್ತಾರೆ. ಕಣ್ಣಲ್ಲಿ ನೀರು ಬೇಕಿದ್ದರೆ ನೀರೂ ಬರುತ್ತದೆ. ಆದರೆ ಬೆರಳಿನಿಂದ ಒಂದು ಸಲ ಮೇಲಕ್ಕೆ ಸರಿಸಿ ನೋಟಿಸ್ ಓದು ಅಂದರೆ ಬೆರಳಿಗೆ ಲಕ್ವ ಹೊಡೆಯುತ್ತದೆ.

1933ರ ಫೆಬ್ರವರಿ 9ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಯೂನಿಯನ್ ಅನ್ನುವ ಡಿಬೇಟ್ ಸಂಘದಲ್ಲಿ ಹೀಗೇ ಒಂದಷ್ಟು ಹುಡುಗರು ಸೇರಿ, ಯಾವ ಕಾರಣಕ್ಕೂ ರಾಜನಿಗಾಗಿ, ದೇಶಕ್ಕಾಗಿ ಈ ಸದನ ಯುದ್ಧ ಮಾಡುವುದಿಲ್ಲ ಅಂತ ಚರ್ಚೆ ಮಾಡಿದರು. ಪರವಾಗಿ 275 ಮತ, ವಿರುದ್ಧವಾಗಿ 153. ಪತ್ರಿಕೆಗಳು ಕೆಂಡ ಕಾರಿದವು. ನೀವೆಲ್ಲ ಹೇಡಿಗಳು ಅನ್ನಲು ಯಾರೋ ಪೆಟ್ಟಿಗೆಯಲ್ಲಿ 275 ಬಿಳಿ ಗರಿ ತುಂಬಿ ಕಳಿಸಿದರು, ಮತಕ್ಕೊಂದರಂತೆ. ಆಮೇಲೆ ಈ ನಿರ್ಣಯವನ್ನು ದಾಖಲೆಯಿಂದಲೇ ಕಿತ್ತುಹಾಕಬೇಕು ಅಂತ ಇನ್ನೊಂದು ಚರ್ಚೆ ಆಯಿತು. ಅದಕ್ಕೆ ಸಿಕ್ಕಿದ್ದು 138 ಮತ, ವಿರುದ್ಧ ಬಿದ್ದಿದ್ದು 750. ಆ ಕಾಲದ ಕಾರ್ಯದರ್ಶಿಯನ್ನು ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಬರೆದಿಟ್ಟಿದ್ದನ್ನು ಅಳಿಸಬೇಕು ಅಂತ ಜನ ಜಗಳಕ್ಕೆ ಬಂದರು. ಅಳಿಸಬೇಕು ಅನ್ನಿಸಲು ಮೊದಲು ಅದನ್ನು ಓದಿರಬೇಕು ತಾನೇ?

ನಮ್ಮ ನೋಟಿಸ್‌ನಲ್ಲೇನು ಸುದ್ದಿಗೆ ಬರವಿತ್ತೇ? ಕಳೆದ ತಿಂಗಳು ನಮ್ಮ ತಂಡ ಹೊರಗೆ ಒಂದು ಟೂರ್ನಮೆಂಟ್‌ಗೆ ಹೋಗಿತ್ತು. ಒಂದು ಸುತ್ತಿನಲ್ಲಿ ನಾಲ್ಕು ತಂಡ, ತಂಡಕ್ಕೆ ಇಬ್ಬರು. ಮೊದಲ ಸ್ಥಾನಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1, ನಾಲ್ಕನೆಯದಕ್ಕೆ ಸೊನ್ನೆ. "ಬಿರುಸಿನ ಪೈಪೋಟಿಯ ನಡುವೆ ನಮ್ಮ ತಂಡ ನಾಲ್ಕನೇ ಸ್ಥಾನ ಗಳಿಸಿತು" ಅಂತ ಬರೆದೆ. ಸುಳ್ಳೇನಿಲ್ಲವಲ್ಲ. ಎಷ್ಟರಲ್ಲಿ ನಾಲ್ಕನೆಯದು ಅಂತ ಯಾರೂ ಕೇಳಲಿಲ್ಲ. ಇನ್ನೊಂದು ಸುತ್ತಿಗೆ ನಮ್ಮ ಇಬ್ಬರಲ್ಲಿ ಒಬ್ಬ ಎದ್ದೇ ಬರಲಿಲ್ಲ, ಅಲಾರಂ ಆಫ್ ಮಾಡಿ ಮಲಗಿಬಿಟ್ಟಿದ್ದ. ಇನ್ನೊಬ್ಬಳು ಒಬ್ಬಳೇ ನಿಂತು ಎರಡೂ ಭಾಷಣ ಮಾಡಿದಳು. ಡಿಬೇಟ್ ಮಾಡುವವರು ಇದಕ್ಕೆ ಐರನ್ ಮ್ಯಾನ್ ಅನ್ನುತ್ತಾರೆ. ಅವಳು ಅದಕ್ಕೆ ಬೇರೆ ಏನೋ ಅಂದಳು, ಅದನ್ನು ನೋಟಿಸ್‌ನಲ್ಲಿ ಹಾಕಲಾಗಲಿಲ್ಲ.

ಎಡವಟ್ಟು ಶುರುವಾಗಿದ್ದು ಸೋಮವಾರದ ಸಭೆಯಲ್ಲಿ.

ಸಭೆಯಲ್ಲಿ ಯಾರೇ ಎದ್ದರೂ 7 ನಿಮಿಷ ಮಾತ್ರ ಅನ್ನುವುದು ನಮ್ಮ ಅಧ್ಯಕ್ಷರ ಕಾನೂನು. ಡಿಬೇಟ್‌ನಲ್ಲಿ ಹೇಗೋ ಸಭೆಯಲ್ಲೂ ಹಾಗೇ. ಆ ಕಾನೂನನ್ನು ಕಾಯಲು ನಮ್ಮಲ್ಲೊಬ್ಬ ಟೈಮ್‌ಕೀಪರ್ ಇದ್ದಾನೆ.

ಇವನ ಬಗ್ಗೆ ಸ್ವಲ್ಪ ಹೇಳಲೇಬೇಕು. ಸ್ವಲ್ಪ ಏನು, ಜಾಸ್ತಿಯೇ ಹೇಳುತ್ತೇನೆ, ಇಲ್ಲಿ ಬಡಿಯಲು ಅವನಿಲ್ಲ.

ಡಿಬೇಟ್‌ನಲ್ಲಿ ಮೊದಲ ನಿಮಿಷ ಮುಗಿದಾಗ ಮೇಜಿಗೆ ಒಂದು ಏಟು. ಅಂದರೆ ಇನ್ನು ಎದುರಾಳಿಗಳು ಎದ್ದು ಪ್ರಶ್ನೆ ಕೇಳಬಹುದು. ಆರು ನಿಮಿಷಕ್ಕೆ ಇನ್ನೊಂದು ಏಟು, ಇನ್ನು ಪ್ರಶ್ನೆ ಇಲ್ಲ, ಮುಗಿಸಲು ನೋಡು. ಏಳಕ್ಕೆ ಎರಡು ಏಟು. ಅದರ ಮೇಲೆ 15 ಸೆಕೆಂಡ್ ದಯೆ. ಆಮೇಲೂ ನಿಲ್ಲಿಸದಿದ್ದರೆ ಮದ್ದಳೆ ಬಾರಿಸಿದ ಹಾಗೆ ಬಡಿಯುತ್ತಲೇ ಇರುವುದು. ಬೇರೆಯವರಿಗೆ ಇದು ಡಿಬೇಟ್‌ನ ನಿಯಮ. ಇವನಿಗೆ ಬದುಕಿನ ನಿಯಮ.

ಕ್ಲಾಸಿನಲ್ಲಿ ಮೇಷ್ಟರು ಪೀಠಿಕೆ ಎಳೆದರೆ ಇವನ ಬೆರಳು ಬೆಂಚಿನ ಮೇಲೆ ಟಕ್ ಅನ್ನುತ್ತದೆ. ಮನೆಯಿಂದ ಫೋನ್ ಬಂದರೆ ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ಸ್ಟಾಪ್‌ವಾಚ್. ಅವರಮ್ಮ ಈಗೀಗ ಆರನೇ ನಿಮಿಷಕ್ಕೆ ತಾವಾಗಿಯೇ "ಸರಿ ಹಾಗಾದ್ರೆ" ಅನ್ನುತ್ತಾರಂತೆ. ಲಿಫ್ಟ್‌ನಲ್ಲಿ ಯಾರೋ ಹಿರಿಯರು ತಮ್ಮ ಮಂಡಿ ನೋವಿನ ಕಥೆ ಶುರು ಮಾಡಿದಾಗ ಇವನು ಲಿಫ್ಟ್‌ನ ಗೋಡೆಗೆ ಒಂದು ಏಟು ಹಾಕಿದ. ಲಿಫ್ಟ್ ಕೆಟ್ಟಿತು ಅಂದುಕೊಂಡು ಅವರು ಎರಡನೇ ಮಹಡಿಯಲ್ಲೇ ಇಳಿದು, ಪಾಪ, ಅದೇ ಮಂಡಿಯಲ್ಲಿ ಮೆಟ್ಟಿಲು ಹತ್ತಿದರು.

ಎಲ್ಲಕ್ಕಿಂತ ದೊಡ್ಡದು ಹಾಸ್ಟೆಲ್‌ನ ಕಥೆ. ನಮ್ಮ ಕ್ಲಬ್‌ನ ಹುಡುಗನೊಬ್ಬನ ಪ್ರೇಮ ಮುರಿದುಬಿತ್ತು. ರಾತ್ರಿ ಹನ್ನೊಂದಕ್ಕೆ ನಾಲ್ಕು ಜನ ಅವನ ರೂಮಿನಲ್ಲಿ ಸುತ್ತ ಕೂತಿದ್ದೆವು. ಅವನು ಬಿಕ್ಕುತ್ತಾ ಹೇಳಲು ಶುರು ಮಾಡಿದ. ಅವಳು ಮೊದಲ ಸಲ ಸಿಕ್ಕಿದ್ದು, ನಕ್ಕಿದ್ದು, ಅವನ ಪೆನ್ನು ತೆಗೆದುಕೊಂಡು ಹೋಗಿ ವಾಪಸ್ ಕೊಡದೇ ಇದ್ದದ್ದು. ಅಷ್ಟರಲ್ಲಿ ಮಂಚದ ಕಾಲಿನ ಹತ್ತಿರ ಟಕ್. ಒಂದು ನಿಮಿಷ. ನಾವು ಟೈಮ್‌ಕೀಪರ್‌ನನ್ನು ದುರುಗುಟ್ಟಿ ನೋಡುವಷ್ಟರಲ್ಲಿ ಪಕ್ಕದಲ್ಲಿದ್ದವನು ಎದ್ದೇ ನಿಂತ. ಒಂದು ಕೈ ತಲೆಯ ಮೇಲೆ, ಇನ್ನೊಂದು ಕೈ ಮುಂದಕ್ಕೆ. ಹಿಂದಿನ ಕಾಲದವರು ತೊಟ್ಟ ವಿಗ್ ಜಾರದ ಹಾಗೆ ಹೀಗೆ ಹಿಡಿದುಕೊಳ್ಳುತ್ತಿದ್ದರು ಅನ್ನುತ್ತಾರೆ. ಈಗ ವಿಗ್ ಹೋಗಿದೆ, ಕೈ ಉಳಿದಿದೆ. "ಪಾಯಿಂಟ್ ಆಫ್ ಇನ್ಫರ್ಮೇಶನ್!" ಅಂದ, ಅಂದರೆ ನಡುವೆ ಒಂದು ಪ್ರಶ್ನೆ ಕೇಳಬೇಕು ಅಂತ. ಅಳುತ್ತಿದ್ದವನು ಮೂಗು ಒರೆಸಿಕೊಂಡು, "ಈಗ ಬೇಡ, ಥ್ಯಾಂಕ್ಯೂ" ಅಂತ ಕೈಸನ್ನೆ ಮಾಡಿ ಕೂರಿಸಿದ. ಅಭ್ಯಾಸಬಲ, ಏನು ಮಾಡುವುದು?

ಕಥೆ ಮುಂದುವರಿಯಿತು. ಆರನೇ ನಿಮಿಷಕ್ಕೆ ಮತ್ತೆ ಟಕ್. ಅಳು ಥಟ್ಟನೆ ನಿಂತಿತು. ಬೆನ್ನು ನೆಟ್ಟಗಾಯಿತು. ಅವನಿಗೇ ಗೊತ್ತಿಲ್ಲದ ಹಾಗೆ ಅವನ ಬಾಯಿಂದ ಬಂತು: "ಆದ್ದರಿಂದ ಸಭಾಧ್ಯಕ್ಷರೇ, ನಾನು ಮೂರು ಅಂಶಗಳನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ಒಂದು, ಅವಳು ನನ್ನನ್ನು ಪ್ರೀತಿಸಿರಲಿಲ್ಲ. ಎರಡು, ಪ್ರೀತಿಸಿದ್ದರೂ ಅದು ನನ್ನ ಅರಿವಿಗೆ ಬಂದಿರಲಿಲ್ಲ. ಮೂರು, ಪೆನ್ನು ನನ್ನದು." ಎರಡು ಏಟು ಬಿತ್ತು. ನಾವೆಲ್ಲ ಮಂಚ ತಟ್ಟಿದೆವು. ಅವನು ಕೂತ. ಆಮೇಲೆ ಆ ಹುಡುಗಿಯ ವಿಷಯ ಅವನ ಬಾಯಲ್ಲಿ ಬಂದಿದ್ದು ನಾನು ಕೇಳಿಲ್ಲ. ಪೆನ್ನಿನ ವಿಷಯ ಮಾತ್ರ ಆಗಾಗ ಬರುತ್ತದೆ.

ಇಂಥವನ ಎದುರಿಗೆ ಸೋಮವಾರ ನಾನು ವರದಿ ಓದಲು ನಿಂತಿದ್ದೆ. ನಾಲ್ಕನೇ ಸ್ಥಾನದ ವಿಜಯಗಾಥೆ ಓದಿದೆ. ಐರನ್ ಮ್ಯಾನ್ ಬಗ್ಗೆ ಓದಿದೆ, ನಿದ್ದೆಯವನು ನೆಲ ನೋಡಿದ. ವರ್ಲ್ಡ್ಸ್‌ಗೆ, ಅಂದರೆ ವಿಶ್ವವಿದ್ಯಾಲಯಗಳ ವಿಶ್ವ ಚಾಂಪಿಯನ್‌ಶಿಪ್‌ಗೆ, ನಾವೂ ಒಮ್ಮೆ ತಂಡ ಕಳಿಸಬೇಕು ಅನ್ನುವ ಹಳೇ ಆಸೆಯನ್ನು ಮತ್ತೊಮ್ಮೆ ಓದಿದೆ. ಮೊದಲ ವರ್ಲ್ಡ್ಸ್ ನಡೆದದ್ದು ಗ್ಲಾಸ್ಗೋದಲ್ಲಿ, 1981ರಲ್ಲಿ. ನಮ್ಮ ಆಸೆಗೂ ಹತ್ತಿರಹತ್ತಿರ ಅಷ್ಟೇ ವಯಸ್ಸಾಗಿರಬೇಕು. ನಡುವೆ ಮೂರು ಜನ ತಲೆಯ ಮೇಲೆ ಕೈಯಿಟ್ಟು ಎದ್ದರು. ಒಬ್ಬನಿಗೆ ಅವಕಾಶ ಕೊಟ್ಟೆ. ಅವನು "ಇದರಲ್ಲಿ ಸರ್ಟಿಫಿಕೇಟ್ ಯಾವಾಗ ಅಂತ ಇಲ್ಲವಲ್ಲ?" ಅಂದ. ಅದಕ್ಕೆ ಒಂದೂವರೆ ನಿಮಿಷ ಹೋಯಿತು.

ಮುಂದಿನ ಕಾರ್ಯಕ್ರಮಗಳಿಗೆ ಬಂದೆ. ಹೊಸಬರಿಗೆ ಅಭ್ಯಾಸ ಪಂದ್ಯ, ತೀರ್ಪುಗಾರರ ತರಬೇತಿ, ಹೊಸ ಸಮಿತಿಯ ಚುನಾವಣೆ. ಆಗಲೇ ಎರಡು ಏಟು. "ಕೊನೆಯದಾಗಿ, ಈ ಗುರುವಾರದ ಡಿಬೇಟ್ ಶುರುವಾಗುವುದು ಸರಿಯಾಗಿ..." ಅನ್ನುವಷ್ಟರಲ್ಲಿ ಮದ್ದಳೆ ಶುರುವಾಯಿತು. ನನ್ನ ಬಾಯಿ ಆಡುತ್ತಿತ್ತು, ಶಬ್ದ ಮೇಜಿನದು. ಎಲ್ಲರೂ ಸಂಭ್ರಮದಿಂದ ಬೆಂಚು ತಟ್ಟಿ ನನ್ನನ್ನು ಕೂರಿಸಿದರು. ಗಂಟೆ ನನ್ನ ಗಂಟಲಲ್ಲೇ ಉಳಿಯಿತು.

ಇರಲಿ, ನೋಟಿಸ್ ಇದೆಯಲ್ಲ ಅಂದುಕೊಂಡೆ. ಅದನ್ನು ಸಮಿತಿಗೆ ತೋರಿಸಿದ್ದು ಎರಡನೇ ತಪ್ಪು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಕಟ್ಟಿದವರು ಡಿಬೇಟ್ ಕ್ಲಬ್‌ನ ಸಮಿತಿಯಲ್ಲಿ ಕೂತವರಲ್ಲ. ನೋಟಿಸ್ ಉದ್ದವಾಯಿತು ಅಂತ ಒಬ್ಬ. ಚಿಕ್ಕದು ಮಾಡಿದರೆ ಕ್ಲಬ್‌ನ ಘನತೆ ಏನಾಗಬೇಕು ಅಂತ ಇನ್ನೊಬ್ಬಳು. ಸಮಯ ಮೊದಲ ಸಾಲಿನಲ್ಲಿರಬಾರದು, ಚರ್ಚೆಯ ವಿಷಯ ಇರಬೇಕು ಅಂತ ಉಪಾಧ್ಯಕ್ಷ. ಹಾಗಾದರೆ ಸಮಯ ಎಲ್ಲಿ ಹಾಕುವುದು ಅನ್ನುವುದಕ್ಕೆ ಎರಡು ಪಕ್ಷವಾಯಿತು. "ಕೊನೆಗೆ ಹಾಕಿ" ಅನ್ನುವ ಪಕ್ಷದಲ್ಲೇ ಒಬ್ಬ ಎದ್ದು ತನ್ನ ಕಡೆಯವರ ವಾದವನ್ನೇ ಕತ್ತರಿಸಿದ. ಇದಕ್ಕೆ ನಮ್ಮಲ್ಲಿ ಚಾಕು ಹಾಕುವುದು ಅನ್ನುತ್ತಾರೆ, ಟೂರ್ನಮೆಂಟ್‌ನಲ್ಲಾದರೆ ಜಡ್ಜ್‌ಗಳು ಅಂಕ ಕಿತ್ತುಕೊಳ್ಳುತ್ತಾರೆ. ಇಲ್ಲಿ ಜಡ್ಜ್ ಇರಲಿಲ್ಲ. ಸಾಲನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮಧ್ಯಕ್ಕೆ, ಮಧ್ಯದಿಂದ ಮತ್ತೆ ಮೇಲಕ್ಕೆ ಓಡಾಡಿಸಿದೆವು. ರಾತ್ರಿ ಹನ್ನೆರಡಕ್ಕೆ ನಾನು ಸುಮ್ನೆ ಕಣ್ಣು ಮುಚ್ಚಿ ಕಳಿಸಿಬಿಟ್ಟೆ.

ಚುನಾವಣೆಯ ಸಾಲಿನಲ್ಲಿ ಮಾತ್ರ ಯಾರೂ ತಿದ್ದುಪಡಿ ಕೇಳಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಐದು ಹೆಸರು ಬಂದಿವೆ. ಟೈಮ್‌ಕೀಪರ್ ಜಾಗಕ್ಕೆ ಒಂದೂ ಬಂದಿಲ್ಲ. ಅವನಿಗೆ ಇದು ಕೊನೆಯ ವರ್ಷ.

ಮೊದಲ ವರ್ಷದಲ್ಲಿ ನಾನು ಮೊದಲ ಸಲ ಮಾತಾಡಲು ನಿಂತಾಗ ಒಂದು ನಿಮಿಷ 40 ಸೆಕೆಂಡಿಗೆ ನನ್ನ ಹತ್ತಿರ ಇದ್ದ ಮಾತೆಲ್ಲ ಖಾಲಿಯಾಯಿತು. ಕಾಲು ನಡುಗುತ್ತಿತ್ತು. ಕೂರಬೇಕು ಅನ್ನುವುದೂ ಹೊಳೆಯಲಿಲ್ಲ. ಕೋಣೆ ಮೌನವಾಗಿತ್ತು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಅಂದರು. ಆಗ ಇವನು ಮೇಜಿಗೆ ಎರಡು ಏಟು ಹಾಕಿದ. ಸಮಯ ಮುಗಿದಾಗ ಹಾಕುವ ಎರಡು ಏಟು. ಐದು ನಿಮಿಷಕ್ಕೂ ಜಾಸ್ತಿ ಬಾಕಿ ಇತ್ತು. ಎಲ್ಲರೂ ಗಡಿಯಾರ ನೋಡಿಕೊಂಡರು, ಬೆಂಚು ತಟ್ಟಿದರು, ನಾನು ಕೂತೆ. ಆಮೇಲೆ ಕೇಳಿದರೆ "ವಾಚ್ ಕೆಟ್ಟಿತ್ತು" ಅಂದ. ಅದೇ ವಾಚ್ ಈಗಲೂ ಅವನ ಕೈಯಲ್ಲಿದೆ. ಈ ಮೂರು ವರ್ಷದಲ್ಲಿ ಇನ್ಯಾವತ್ತೂ ಕೆಟ್ಟಿಲ್ಲ.

ಮುಂದಿನ ವರ್ಷ ಯಾರು ಬಡಿಯುತ್ತಾರೋ ಗೊತ್ತಿಲ್ಲ. ಫೋನ್‌ನಲ್ಲಿ ಟೈಮರ್ ಇಟ್ಟರಾಯಿತು ಅಂತ ಉಪಾಧ್ಯಕ್ಷ ಹೇಳುತ್ತಾನೆ. ಆಗಬಹುದು. ಅದು ಪೀಂ ಪೀಂ ಅನ್ನುತ್ತದೆ, ಅಷ್ಟೇ.

ಇಷ್ಟು ಬರೆಯುವಷ್ಟರಲ್ಲಿ ಫೋನ್ ಮತ್ತೆ ಗುಂಯ್ ಅಂತು. 20ನೆಯದು. "ನೋಟಿಸ್ ಓದಿ" ಅಂತ ಟೈಪ್ ಮಾಡಿಯೇ ಮೆಸೇಜ್ ತೆರೆದೆ. ಟೈಮ್‌ಕೀಪರ್‌ನದು.

"ನಿಮ್ಮ ನೋಟಿಸ್ ಪೂರ್ತಿ ಓದಿದೆ. 2 ನಿಮಿಷ 10 ಸೆಕೆಂಡ್ ಹಿಡಿಯಿತು. ದಿನ ಇದೆ, ವಿಷಯ ಇದೆ, ಕೊಠಡಿ ಇದೆ. ಎಷ್ಟು ಗಂಟೆಗೆ ಅಂತ ಇಲ್ಲ."

ನೋಟಿಸ್ ತೆರೆದೆ. ಮೇಲಿಂದ ಕೆಳಕ್ಕೆ ಓದಿದೆ. ಕೆಳಗಿಂದ ಮೇಲಕ್ಕೆ ಓದಿದೆ. ಮಧ್ಯದಲ್ಲೂ ಹುಡುಕಿದೆ.

ಇಲ್ಲ.