ಕಪ್ಪು ಕೊಡೆಯಿಂದ ರಾಜ್ಯಕ್ಕೆ ಒದಗುವ ಅಪಾಯದ ಕುರಿತು

ಜುಲೈ ತಿಂಗಳಲ್ಲಿ ಚಿಕ್ಕಮಗಳೂರಿನಲ್ಲಿ ಮಂತ್ರಿಗಳ ಸಮಾವೇಶ ಏರ್ಪಡಿಸುವವರ ಧೈರ್ಯವನ್ನು ಮೊದಲು ಮೆಚ್ಚಬೇಕು. ಮುಳ್ಳಯ್ಯನಗಿರಿಯ ಕಡೆಯಿಂದ ಮೋಡ ಇಳಿದರೆ ಶಾಮಿಯಾನವನ್ನಾಗಲೀ ಶಿಷ್ಟಾಚಾರವನ್ನಾಗಲೀ ಲೆಕ್ಕಿಸದ ಊರಿದು. ಇಂಥಲ್ಲಿ ಕುರ್ಚಿ ಹಾಕಿಸಿ, ಕಟೌಟು ನಿಲ್ಲಿಸಿ, ತಾಲ್ಲೂಕಿಗೆ ಇಷ್ಟು ಬಸ್ಸು ಎಂದು ಗೊತ್ತುಮಾಡಿ ಫಲಾನುಭವಿಗಳನ್ನು ಕರೆತರುವುದು ಸಣ್ಣ ಕೆಲಸವಲ್ಲ. ಅದಕ್ಕಿಂತ ದೊಡ್ಡ ಎದೆಗಾರಿಕೆ ಬೇಕಾಗುವುದು, ಅದೇ ಜುಲೈಯಲ್ಲಿ ಸಭೆಯ ಬಾಗಿಲಲ್ಲಿ ನಿಂತು ಮಲೆನಾಡಿನವರ ಕೈಯಿಂದ ಕಪ್ಪು ಕೊಡೆ ಕಿತ್ತಿಡುವುದಕ್ಕೆ.

ಕಾರಣ ಎಲ್ಲರಿಗೂ ಗೊತ್ತು. ಮಡಚಿದಾಗ ಕೊಡೆಯಾಗಿರುವುದು ಬಿಚ್ಚಿದಾಗ ಕಪ್ಪು ಬಾವುಟವಾಗಬಹುದು. ಬಣಕಲ್ ಕಡೆಯ ವಯಸ್ಸಾದ ಬೆಳೆಗಾರರೊಬ್ಬರು ಬಾಗಿಲಿಗೆ ಬಂದರೆಂದುಕೊಳ್ಳಿ. ಜೇಬಿನಲ್ಲಿ ಆನೆ ತುಳಿದ ತೋಟದ ಫೋಟೊ ಮತ್ತು ನಾಲ್ಕಾಗಿ ಮಡಚಿದ ಮನವಿ ಪತ್ರ, ಕೈಯಲ್ಲಿ ಮರದ ಹಿಡಿಯ ಕೊಡೆ.

“ಯಜಮಾನ್ರೇ, ಕೊಡೆ ಇಲ್ಲೇ ಇಟ್ಟು ಹೋಗಿ.”

“ಮಳೆ ಬಂದ್ರೆ ಏನ್ ಮಾಡ್ಲಿ ಸ್ವಾಮಿ?”

“ಸಾಹೇಬ್ರು ಬಂದು ಹೋಗೋವರ್ಗೂ ಬರಲ್ಲ ಬಿಡಿ.”

ಹವಾಮಾನ ಇಲಾಖೆಗೂ ಇಲ್ಲದ ಈ ವಿಶ್ವಾಸ ನಮ್ಮ ಪೇದೆಗಳಿಗೆ ಎಲ್ಲಿಂದ ಬಂತೋ ತಿಳಿಯದು. ಹೀಗೆ ವಶಪಡಿಸಿಕೊಂಡ ಕೊಡೆಗಳು ಸಂಜೆಯ ಹೊತ್ತಿಗೆ ಬಾಗಿಲ ಪಕ್ಕದಲ್ಲಿ ರಾಶಿಯಾಗಿ ಬಿದ್ದಿರುತ್ತವೆ. ಎಲ್ಲವೂ ಕಪ್ಪು, ಎಲ್ಲವೂ ಒದ್ದೆ, ಯಾವುದು ಯಾರದೆಂದು ಬ್ರಹ್ಮನಿಗೂ ಗೊತ್ತಾಗದು. ಇತ್ತ ಮಂತ್ರಿಗಳು ಬಂದಿಳಿದ ಕಾರು ಕಪ್ಪು, ಅವರ ಮುಂದಿನ ಮೈಕು ಕಪ್ಪು, ಸುತ್ತ ನಿಂತ ಅಂಗರಕ್ಷಕರ ಸಫಾರಿ ಕಪ್ಪು, ಮಂತ್ರಿಗಳ ತಲೆಗೂದಲು ಸಹ ವಯಸ್ಸನ್ನು ಮೀರಿ ಕಪ್ಪು. ಇವು ಯಾವುವೂ ಶಾಂತಿಭಂಗ ಮಾಡಿದ ವರದಿಯಿಲ್ಲ.

ಈ ಜಾಗ್ರತೆ ಯಾವ ಪಕ್ಷದ್ದೆಂದು ಕೇಳುವವರು ರಾಜಕೀಯಕ್ಕೆ ಹೊಸಬರು. 2019ರ ಜನವರಿಯಲ್ಲಿ ಪ್ರಧಾನಿಯವರ ಸಭೆ ಇದ್ದಾಗ ಜಾರ್ಖಂಡದ ಪಲಾಮು ಜಿಲ್ಲೆಯ ಪೊಲೀಸರು ಕಪ್ಪು ಬೂಟು, ಕಾಲುಚೀಲಗಳನ್ನೂ ಬಿಡದೆ ನಿಷೇಧಿಸಲು ಹೊರಟು, ನಗೆಪಾಟಲಾದ ಮೇಲೆ ಹಿಂದೆಗೆದರು. 2022ರ ಜೂನ್‌ನಲ್ಲಿ ಕೇರಳದಲ್ಲಿ ಮುಖ್ಯಮಂತ್ರಿಗಳ ಕಾರ್ಯಕ್ರಮಕ್ಕೆ ಬಂದವರ ಕಪ್ಪು ಮಾಸ್ಕ್ ತೆಗೆಸಿದರೆಂಬುದು ವಿವಾದವಾಗಿ, ಅಂಥ ನಿರ್ಬಂಧವೇನೂ ಇಲ್ಲವೆಂದು ಸ್ವತಃ ಮುಖ್ಯಮಂತ್ರಿಗಳು ಹೇಳಬೇಕಾಯಿತು. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಕಮ್ಯುನಿಸ್ಟರು. ದೇಶದಲ್ಲಿ ಸರ್ವಪಕ್ಷ ಸಹಮತ ಸಾಧ್ಯವೇ ಇಲ್ಲ ಎನ್ನುವವರು ಕಾಲುಚೀಲದ ಬಣ್ಣದ ಪ್ರಶ್ನೆಯನ್ನಾದರೂ ಗಮನಿಸಬೇಕು.

ಇಷ್ಟಾಗಿಯೂ ಆಡಳಿತಗಾರರಿಗೆ ಒಂದು ತೊಡಕು ಉಳಿದುಕೊಂಡಿದೆ. ಸಂವಿಧಾನದ 19ನೇ ವಿಧಿಯು ಮಾತಿಗೂ, ಆಯುಧವಿಲ್ಲದೆ ಶಾಂತಿಯುತವಾಗಿ ಸಭೆ ಸೇರುವುದಕ್ಕೂ ಹಕ್ಕು ಕೊಟ್ಟು, ಮಾತಿನ ಮೇಲೆ ಸಮಂಜಸ ನಿರ್ಬಂಧ ಹೇರಲು ಎಂಟು ಕಾರಣಗಳನ್ನು ಮಾತ್ರ ಹೇಳಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. 1951ರಲ್ಲಿ ಮೊದಲ ತಿದ್ದುಪಡಿಯೂ 1963ರಲ್ಲಿ ಹದಿನಾರನೆಯ ತಿದ್ದುಪಡಿಯೂ ಈ ಪಟ್ಟಿಯನ್ನು ಬೆಳೆಸಿದವಾದರೂ, ಮಂತ್ರಿಗಳಿಗೆ ವೇದಿಕೆಯ ಮೇಲೆ ಆಗುವ ಮುಜುಗರವನ್ನು ಸೇರಿಸಲು ಯಾರಿಗೂ ನೆನಪಾಗಲಿಲ್ಲ. ಈ ಒಂಬತ್ತನೆಯ ಕಾರಣವನ್ನು ಬೇಗ ಸೇರಿಸುವುದು ಒಳ್ಳೆಯದು. ಯಾಕೆಂದರೆ ಸುಪ್ರೀಂ ಕೋರ್ಟು ಶಾಂತಿಯುತ ಪ್ರದರ್ಶನವೂ ಅಭಿವ್ಯಕ್ತಿಯ ಒಂದು ರೂಪವೇ ಎಂದು 1962ರಷ್ಟು ಹಿಂದೆಯೇ ಹೇಳಿಬಿಟ್ಟಿದೆ. ಜನ ಗುಂಪು ಸೇರದಂತೆ ತಡೆಯಲು ಬಳಸುವ 144ನೇ ಸೆಕ್ಷನ್ನನ್ನು ನ್ಯಾಯವಾದ ಅಭಿಪ್ರಾಯದ ಬಾಯಿ ಮುಚ್ಚಿಸಲು ಬಳಸುವಂತಿಲ್ಲ ಎಂದು 2020ರಲ್ಲಿ ಮತ್ತೆ ಹೇಳಿತು. ಆ ಸೆಕ್ಷನ್ನು 2024ರ ಜುಲೈ 1ರಿಂದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಎಂಬ ಹೊಸ ನಂಬರು ಪಡೆದಿದೆ. ಹೊಸ ನಂಬರಿಗೂ ಆ ತೀರ್ಪು ಅನ್ವಯಿಸುತ್ತದೆಂದು ಠಾಣೆಗಳಿಗೆ ಯಾರು ತಿಳಿಸಬೇಕೋ ಕಾಣೆ.

ಕೊಡೆಯ ಮಾತಾಯಿತು, ಮನುಷ್ಯರ ಗತಿ ನೋಡೋಣ. ಆಜಾದ್ ಪಾರ್ಕ್ ವೃತ್ತದಲ್ಲಿ ಹತ್ತಾರು ಮಂದಿ ಹಸಿರು ಶಾಲು ಹೊದ್ದು ನಿಂತರೆ ಸಾಕು, ಪೊಲೀಸ್ ವ್ಯಾನು ಬರುತ್ತದೆ. ಅವರು ಇನ್ನೂ ಏನನ್ನೂ ಮಾಡಿರುವುದಿಲ್ಲ, ಆದ್ದರಿಂದಲೇ ಅದಕ್ಕೆ ಮುಂಜಾಗ್ರತಾ ಕ್ರಮವೆನ್ನುವುದು. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರೇ ನೇರವಾಗಿ ಬಂಧಿಸಬಹುದಾದಂಥ ಅಪರಾಧ, ಎಸಗುವ ಸಂಚು ತಿಳಿದುಬಂದು, ಅದನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ವಾರಂಟಿಲ್ಲದೆ ಹಿಡಿಯಬಹುದು, ಅದೂ 24 ಗಂಟೆ ಮೀರದಂತೆ, ಎನ್ನುತ್ತದೆ ಸಂಹಿತೆಯ 170ನೇ ಸೆಕ್ಷನ್ನು. ಧಿಕ್ಕಾರ ಎಂದು ಕೂಗುವುದು ಯಾವ ಸೆಕ್ಷನ್ನಿನ ಸಂಜ್ಞೇಯ ಅಪರಾಧವೆಂದು ವ್ಯಾನಿನೊಳಗಿಂದ ಕೇಳಿದವರಿಗೆ ಸಿಗುವ ಉತ್ತರ “ಹತ್ತಿ ಹತ್ತಿ, ಸಾಯಂಕಾಲ ಬಿಡ್ತೀವಿ”. ಪೊಲೀಸ್ ಮೈದಾನದಲ್ಲಿ ಅವರಿಗೆ ಚಿತ್ರಾನ್ನ ಸಿಗುತ್ತದೆ. ಸಭೆಯೊಳಗೆ ಜೈಕಾರ ಹಾಕಿದವರಿಗೂ ಚಿತ್ರಾನ್ನವೇ. ಸರ್ಕಾರ ಅಭಿಪ್ರಾಯಭೇದ ನೋಡಿ ಊಟದಲ್ಲಿ ಪಂಕ್ತಿಭೇದ ಮಾಡುವುದಿಲ್ಲ ಎಂಬುದನ್ನು ನಾವು ಒಪ್ಪಲೇಬೇಕು.

ಪ್ರತಿಭಟಿಸುವವರೆಲ್ಲ ಹಸುಗೂಸುಗಳೆಂದು ನಾನೇನೂ ಹೇಳುವುದಿಲ್ಲ. 2022ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರ ಕಾರಿನ ಮೇಲೆ ಬಿದ್ದ ಮೊಟ್ಟೆಯನ್ನು ಯಾವ ವಿಧಿಯ ಅಡಿಯಲ್ಲೂ ಅಭಿಪ್ರಾಯವೆಂದು ಕರೆಯಲಾಗದು. ಚುನಾವಣಾ ಸಭೆಯಲ್ಲಿ ಭಾಷಣವೇ ನಡೆಯದಂತೆ ಗಲಭೆ ಎಬ್ಬಿಸುವವರಿಗೆ 1951ರ ಜನಪ್ರತಿನಿಧಿ ಕಾಯ್ದೆಯ 127ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಅದು ಸರಿಯೇ, ಕೇಳಲು ಬಂದವನಿಗೂ ಹಕ್ಕಿದೆ. ಆದರೆ ಆ ಕಾಯ್ದೆ ಗಲಭೆಯನ್ನು ಹೇಳಿತೇ ವಿನಾ ಗಲಭೆ ಮಾಡಬಹುದಾದ ಮುಖಲಕ್ಷಣವನ್ನಲ್ಲ.

ಇದೇ ಚಿಕ್ಕಮಗಳೂರಿನಲ್ಲಿ 1978ರಲ್ಲಿ ಇಂದಿರಾ ಗಾಂಧಿಯವರು ಉಪಚುನಾವಣೆಗೆ ನಿಂತಾಗ, ತುರ್ತುಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಜನತಾ ಪಕ್ಷದ ವೀರೇಂದ್ರ ಪಾಟೀಲರ ಪರವಾಗಿ ಬಂದವರು ಆಕೆಯ ವಿರುದ್ಧ ಹೇಳಬೇಕಾದುದನ್ನೆಲ್ಲ ಹೇಳಿದರು. ಅದನ್ನೂ ಕೇಳಿದ, ಇದನ್ನೂ ಕೇಳಿದ ಮತದಾರರು ಆಕೆಯನ್ನು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿದರು. ಧಿಕ್ಕಾರ ಕಿವಿಗೆ ಬಿದ್ದೊಡನೆ ಕೆಟ್ಟುಹೋಗುವಷ್ಟು ನಾಜೂಕಾದ ಮನಸ್ಸು ಈ ಜಿಲ್ಲೆಯವರಿಗೆ ಆಮೇಲೆ ಯಾವಾಗ ಬಂತೋ.

ಈ ನಡುವೆ ಮುಂದಿನ ಸಮಾವೇಶವನ್ನು ಮಳೆಗಾಲ ಕಳೆದು ಡಿಸೆಂಬರ್‌ಗೆ ಇಟ್ಟುಕೊಳ್ಳುವ ಆಲೋಚನೆ ಸಂಘಟಕರಿಗೆ ಹೊಳೆದರೆ ಆಶ್ಚರ್ಯವಿಲ್ಲ. ಕೊಡೆಗಳ ಕಾಟ ಆಗ ತಪ್ಪುತ್ತದೆ. ಆದರೆ ಡಿಸೆಂಬರ್ ಎಂದರೆ ಊರ ತುಂಬ ಅಯ್ಯಪ್ಪ ಮಾಲಾಧಾರಿಗಳು, ಮೈಮೇಲೆಲ್ಲ ಕಪ್ಪು ಬಟ್ಟೆ, ಬಾಯಲ್ಲಿ ಘೋಷಣೆ ಬೇರೆ. ಅವರನ್ನು ಬಾಗಿಲಲ್ಲಿ ತಡೆಯುವ ಪೇದೆಗೆ ಯಾವ ಪಕ್ಷದ ಮಂತ್ರಿಯೂ ರಕ್ಷಣೆ ಕೊಡಲಾರರು. ಕೋರ್ಟಿನಿಂದ ನೇರವಾಗಿ ಬರುವ ವಕೀಲರ ಕಪ್ಪು ಕೋಟಿನದು ಪ್ರತ್ಯೇಕ ಕಡತ. ಜಿಲ್ಲಾಡಳಿತ ಈಗಿನಿಂದಲೇ ಒಂದು ಪೂರ್ವಭಾವಿ ಸಭೆ ಕರೆದು, ಭಕ್ತಿಯ ಕಪ್ಪು, ವೃತ್ತಿಯ ಕಪ್ಪು ಮತ್ತು ವಿರೋಧದ ಕಪ್ಪುಗಳನ್ನು ಬೇರ್ಪಡಿಸಬಲ್ಲ ಸಿಬ್ಬಂದಿಗೆ ತರಬೇತಿ ಕೊಡಿಸುವುದು ಸೂಕ್ತ.