ಸತ್ಯಾಂಶ: ಮ್ಯಾಗ್ನಮ್ ಪ್ರೈಮರ್ ಹಾಕಿದರೆ ಗುರಿ ತಪ್ಪುವುದಿಲ್ಲವೇ?

‘ಮ್ಯಾಗ್ನಮ್ ಪ್ರೈಮರ್ ಹಾಕಿದರೆ ಯಾವ ರೈಫಲ್ಲಿನ ಗುರಿಯೂ ತಪ್ಪದು’ ಎಂಬ ಸಂದೇಶ ಮೂಡಿಗೆರೆ, ಸಕಲೇಶಪುರದ ಕಡೆಯ ಕೋವಿ ಪರವಾನಗಿದಾರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ತೋಟಾದ ಬುಡದಲ್ಲಿ ಕೂರುವ, ಕಾಳುಮೆಣಸಿನಷ್ಟೇ ಅಗಲದ, ಅಂದರೆ ಸುಮಾರು 5.3 ಮಿ.ಮೀ.ನ ಲೋಹದ ಪುಟ್ಟ ಬಟ್ಟಲೇ ಪ್ರೈಮರ್. ಪೆಟ್ಟು ಬಿದ್ದಾಗ ಅದು ಸಿಡಿದು ಒಳಗಿನ ಮದ್ದನ್ನು ಹೊತ್ತಿಸುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ದೊಡ್ಡ ತೋಟಾಗಳಲ್ಲಿ ನಿಧಾನವಾಗಿ ಉರಿಯುವ ಮದ್ದು ಹೆಚ್ಚಿರುವುದರಿಂದ, ಅದರಲ್ಲೂ ಕೊರೆಯುವ ಚಳಿಯಲ್ಲಿ, ಅದೆಲ್ಲವೂ ಒಂದೇ ಸಮನೆ ಹೊತ್ತಿಕೊಳ್ಳಲು ಹೆಚ್ಚು ಬಿಸಿಯಾದ ಜ್ವಾಲೆ ಬೇಕಾಗುತ್ತದೆ. ಮ್ಯಾಗ್ನಮ್ ಪ್ರೈಮರ್ ಇರುವುದು ಅದಕ್ಕೇ ಹೊರತು ಗುರಿ ತಿದ್ದುವುದಕ್ಕಲ್ಲ. ಗುಂಡಿನಿಂದ ಗುಂಡಿಗೆ ವೇಗ ಬದಲಾಗದಿರುವುದೇ ನಿಖರತೆಗೆ ಮುಖ್ಯವಾದುದರಿಂದ, ಕೆಲವು ರೈಫಲ್ಲುಗಳಲ್ಲಿ ಸಾಧಾರಣ ಪ್ರೈಮರೇ ಗುಂಡುಗಳನ್ನು ಗುರಿಹಲಗೆಯ ಮೇಲೆ ಹೆಚ್ಚು ಒತ್ತೊತ್ತಾಗಿ ಬೀಳಿಸುತ್ತದೆ.

ನನಗೆ ನಿಜಕ್ಕೂ ಆತಂಕ ತರುವುದು ಬೇರೊಂದು ಸಂಗತಿ. ಎರಡೂ ಬಗೆಯ ಪ್ರೈಮರುಗಳು ಒಂದೇ ಗುಳಿಯಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ಮದ್ದಿನ ಅಳತೆಯನ್ನು ಹಾಗೆಯೇ ಉಳಿಸಿ ಪ್ರೈಮರ್ ಮಾತ್ರ ಬದಲಿಸಿದರೆ ಒತ್ತಡ ಮಿತಿಮೀರಿ ಕೋವಿಯೇ ಒಡೆಯಬಹುದು. ಅಲ್ಲದೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು.