ಸೈನ್ಸ್ ಓದದ ಹುಡುಗಿಯರಿಗೂ ಸಾಫ್ಟ್‌ವೇರ್ ದಾರಿ ಇದೆ

‘ಪಿಯುಸಿಯಲ್ಲಿ ಸೈನ್ಸ್ ತಗೊಳ್ಳದ ಹುಡುಗಿಯರಿಗೆ ಸಾಫ್ಟ್‌ವೇರ್ ಕೆಲಸ ಸಿಗಲ್ಲ, ಕೋಡಿಂಗ್ ಮೊದಲಿಂದಲೂ ಗಂಡಸರದ್ದೇ’ ಎಂಬ ಮೆಸೇಜ್ ಶಿರಸಿ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಸುಳ್ಳು.

ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಬಹುದು. ಆಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರಿಗೆ ನಡೆಸುವ ಪ್ರವೇಶ ಪರೀಕ್ಷೆ) ಬರೆದು ಸೀಟು ಸಿಕ್ಕರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಪ್ರವೇಶ. ಪಿಯುಸಿಯೇ ಬೇಡ! ಕಾಮರ್ಸ್ ಓದಿದ ಎಷ್ಟೋ ಹುಡುಗಿಯರು ಬಿಸಿಎ ಎಂಬ ಕಂಪ್ಯೂಟರ್ ಪದವಿಗೆ ಸೇರುತ್ತಾರೆ. ನಿಯಮ ಮಾತ್ರ ಆಯಾ ಕಾಲೇಜಿನಲ್ಲೇ ಕೇಳಿಕೊಳ್ಳಿ.

ಇನ್ನು ಗಂಡಸರ ಕೆಲಸ ಎನ್ನುವ ಮಾತು. 1946ರಲ್ಲಿ ಅಮೆರಿಕ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಮ್ ಮಾಡಿದ್ದು ಆರು ಹೆಣ್ಣುಮಕ್ಕಳು. ಕೈಪಿಡಿಯೇ ಇರಲಿಲ್ಲ. ಯಂತ್ರದ ನಕ್ಷೆ ನೋಡಿ ಕಲಿತು, ಕೇಬಲ್ ಸಿಕ್ಕಿಸಿ, ಸ್ವಿಚ್ ತಿರುಗಿಸಿ ಲೆಕ್ಕ ಮಾಡಿಸಿದರು. ಅವರ ಹೆಸರು ದಶಕಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ, ಅನ್ಯಾಯ ಅಲ್ವಾ?

ಆ ಮೆಸೇಜ್ ಬಂದರೆ ದಯವಿಟ್ಟು ಸುಮ್ನೆ ಮುಂದೆ ಕಳಿಸಬೇಡಿ.